ಯಾವ ಭಾಷೆಯಲ್ಲಿ ಕೇಳಿದಿರಿ?

ಅರಬಿ ಓದುವುದು ಮೆದುಳಿಗೆ ಕಷ್ಟ ಎಂಬರ್ಥದ ತಲೆಬರಹ ಹೊತ್ತ ಸುದ್ದಿಯೊಂದನ್ನು ಬಿಬಿಸಿ 2010ರಲ್ಲಿ ಪ್ರಕಟಿಸಿತು. ಇನ್ನೊಂದು ದಿಕ್ಕಿನಿಂದ, ನಮ್ಮದೇ ಲಕ್ನೋದಿಂದ, ಉರ್ದು ದ್ವಿಪದಿಗಳನ್ನು ಓದಿದರೆ ಮೆದುಳು ಚುರುಕಾಗುತ್ತದೆ, ಮುಪ್ಪಿನ ಮರೆವು ತಡವಾಗಿ ಬರುತ್ತದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮೊದಲನೆಯದನ್ನು ಕಂಡರೆ ನಮ್ಮವರ ಹುಬ್ಬು ಗಂಟಿಕ್ಕುತ್ತದೆ. ಎರಡನೆಯದನ್ನು ಕಂಡರೆ ಅದೇ ಮುಖ ಅರಳುತ್ತದೆ. ಮೊದಲನೆಯದು ಯಾರದೋ ಹುನ್ನಾರ, ಎರಡನೆಯದು ವಿಜ್ಞಾನದ ಸಾಕ್ಷಿ! ಎರಡನ್ನೂ ಬರೆದದ್ದು ತಲೆಬರಹ ಕೊಡುವ ಉಪಸಂಪಾದಕನೇ ಹೊರತು ಮೆದುಳಲ್ಲ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಅರಬಿಯ ಆ ಸುದ್ದಿಯ ಹಿಂದೆ ಇದ್ದದ್ದು ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ರಫೀಕ್ ಇಬ್ರಾಹಿಂ ಮತ್ತು ಝೋಹರ್ ಎವಿಯಾತಾರ್ ಅವರ ಕೆಲಸ. ಪರದೆಯ ಎಡಕ್ಕೋ ಬಲಕ್ಕೋ ಅಕ್ಷರಗಳನ್ನು ಕ್ಷಣಕಾಲ ತೋರಿಸಿ, ಮೆದುಳಿನ ಯಾವ ಪಾರ್ಶ್ವ ಅವನ್ನು ಗುರುತಿಸುತ್ತದೆ ಎಂದು ಅವರು ನೋಡಿದರು. ಉರ್ದು ಕಾಯ್ದೆ ಪುಸ್ತಕ ಹಿಡಿದು ಕೂತವರಿಗೆ ಇದರ ತಿರುಳು ಬೇಗ ಅರ್ಥವಾಗುತ್ತದೆ. ಒಂದೇ ದೋಣಿಯಾಕಾರದ ಕೆಳಗೆ ಒಂದು ಚುಕ್ಕೆಯಿದ್ದರೆ ಬೇ, ಮೇಲೆ ಎರಡು ಕೂತರೆ ತೇ, ಮೂರಾದರೆ ಸೇ. ಒಟ್ಟು ಆಕಾರ ನೋಡುವುದರಲ್ಲಿ ನಿಪುಣವಾದ ಬಲ ಪಾರ್ಶ್ವಕ್ಕೆ ಇಂಥ ಚುಕ್ಕೆಗಳ ಲೆಕ್ಕ ಹಿಡಿಯುವುದು ಕಠಿಣ. ಆ ಕೆಲಸ ಎಡ ಪಾರ್ಶ್ವದ ಮೇಲೆ ಬೀಳುತ್ತದೆ. ಅರಬ್ ಮಕ್ಕಳಿಗೆ ಓದು ಕಲಿಸುವ ಕ್ರಮ ಸುಧಾರಿಸಲಿ ಎಂಬುದು ಸಂಶೋಧಕರ ಕಾಳಜಿಯಾಗಿತ್ತು. ಪ ಮತ್ತು ಷ ನಡುವೆ ಇರುವುದು ಒಂದು ಸಣ್ಣ ಗೆರೆ. ಅದಕ್ಕಾಗಿ ಕನ್ನಡ ಮೆದುಳಿಗೆ ಕಷ್ಟ ಎಂದು ಯಾರಾದರೂ ತಲೆಬರಹ ಕೊಡುತ್ತಾರೆಯೇ?

ನಮ್ಮ ತಕರಾರು ಮೆದುಳಿನ ಚಿತ್ರ ತೆಗೆಯುವವರ ಮೇಲಲ್ಲ. ತಲೆಬುರುಡೆ ತೆರೆಯದೆ, ಸೂಜಿ ಚುಚ್ಚದೆ, ಮನುಷ್ಯನ ಮಾತು ಎಲ್ಲಿ ಕೂತಿದೆ ಎಂದು ಕಾಣುವ ವಿದ್ಯೆ ದೊಡ್ಡ ಅನುಗ್ರಹ. ತಕರಾರು ಇರುವುದು ಒಂದೇ ಪ್ರಶ್ನೆಯ ಬಗ್ಗೆ. ಚಿತ್ರ ತೆಗೆಯುವಾಗ ಆ ಮನುಷ್ಯನನ್ನು ನೀವು ಯಾವ ಭಾಷೆಯಲ್ಲಿ ಮಾತಾಡಿಸಿದಿರಿ?

ಈ ವಿದ್ಯೆ ಬಂದ ದಾರಿಯನ್ನು ಸ್ವಲ್ಪ ನೆನೆಯಬೇಕು. 1861ರಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ತೀರಿಕೊಂಡ. ಎಷ್ಟೋ ವರ್ಷಗಳಿಂದ ಅವನ ಬಾಯಿಂದ ಹೊರಡುತ್ತಿದ್ದದ್ದು ಬಹುಮಟ್ಟಿಗೆ ‘ತಾನ್’ ಎಂಬ ಒಂದೇ ಸದ್ದು. ಪಾಲ್ ಬ್ರೋಕಾ ಅವನ ಮೆದುಳನ್ನು ತೆಗೆದು ನೋಡಿ, ಎಡ ಮುಂಭಾಗದ ಒಂದು ಜಾಗ ಕೆಟ್ಟಿರುವುದನ್ನು ತೋರಿಸಿದ. 1874ರಲ್ಲಿ ಕಾರ್ಲ್ ವೆರ್ನಿಕೆ ಇನ್ನೊಂದು ಜಾಗವನ್ನು ಹೆಸರಿಸಿದ. ಅಲ್ಲಿ ಕೆಟ್ಟರೆ ಮಾತು ಹರಿಯುತ್ತದೆ, ಅರ್ಥ ಹರಿಯುವುದಿಲ್ಲ. ಅಂದರೆ ಆ ಕಾಲದಲ್ಲಿ ಮಾತಿನ ನಕ್ಷೆ ಬಿಡಿಸಲು ಮಾತು ಕಳೆದುಕೊಂಡವನು ಸಾಯುವವರೆಗೆ ಕಾಯಬೇಕಿತ್ತು. ಲೆಬೋರ್ನನ ಮೆದುಳನ್ನು ಪ್ಯಾರಿಸ್ಸಿನಲ್ಲಿ ಇಂದಿಗೂ ಕಾಪಾಡಿಟ್ಟಿದ್ದಾರೆ. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಅದನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಿದಾಗ, ಪೆಟ್ಟು ಬ್ರೋಕಾ ಹೇಳಿದ ಜಾಗಕ್ಕಿಂತ ಬಹಳ ಆಳಕ್ಕೆ ಹೋಗಿರುವುದು ಕಂಡಿತು. ನೂರಾರು ಪಠ್ಯಪುಸ್ತಕಗಳಲ್ಲಿ ಅಚ್ಚಾದ ನಕ್ಷೆಯೂ ತಿದ್ದುಪಡಿಗೆ ಹೊರತಲ್ಲ ಎಂದಾಯಿತು.

ಆಮೇಲೆ ಬದುಕಿರುವವರ ಸರದಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರದಲ್ಲಿರುವ ರೋಗಿಯ ತಲೆ ತೆರೆದು, ಮೆದುಳಿನ ಮೈಮೇಲೆ ಸಣ್ಣ ವಿದ್ಯುತ್ ಸೋಕಿಸಿ, ಯಾವ ಬಿಂದುವಿನಲ್ಲಿ ಮಾತು ನಿಲ್ಲುತ್ತದೆ ಎಂದು ಗುರುತು ಹಾಕಿದ. ಜಪಾನಿನ ಜುನ್ ವಾಡಾ 1949ರಲ್ಲಿ ವರದಿ ಮಾಡಿದ ಪರೀಕ್ಷೆಯಲ್ಲಿ ಕತ್ತಿನ ರಕ್ತನಾಳದ ಮೂಲಕ ಔಷಧ ಕೊಟ್ಟು ಅರ್ಧ ಮೆದುಳನ್ನು ಕೆಲವು ನಿಮಿಷ ನಿದ್ದೆಗೆ ಕಳಿಸುತ್ತಾರೆ. ಇನ್ನರ್ಧ ಮಾತಾಡಬಲ್ಲದೇ ಎಂದು ಆಗ ನೋಡುತ್ತಾರೆ. ಕೇಳಿದರೇ ಮೈ ನಡುಗುತ್ತದೆ. ಆದರೂ ಎಷ್ಟೋ ಮೂರ್ಛೆ ರೋಗಿಗಳ ಮಾತನ್ನು ಈ ಪರೀಕ್ಷೆ ಉಳಿಸಿದೆ. 1990ರಲ್ಲಿ ಸೈಜಿ ಒಗಾವಾ ರಕ್ತದ ಆಮ್ಲಜನಕದ ಏರಿಳಿತವನ್ನು ಎಂಆರ್‌ಐಯಲ್ಲಿ ಹಿಡಿಯಬಹುದೆಂದು ತೋರಿಸಿದ ಮೇಲೆ ಚಿತ್ರ ಬದಲಾಯಿತು. ಅದೇ ಎಫ್‌ಎಂಆರ್‌ಐ. 2017ರಲ್ಲಿ ಅಮೆರಿಕದ ನರವೈದ್ಯರ ಅಕಾಡೆಮಿ, ಕೆಲವು ಬಗೆಯ ಮೂರ್ಛೆ ರೋಗದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಭಾಷೆ ಯಾವ ಪಾರ್ಶ್ವದಲ್ಲಿದೆ ಎಂದು ತಿಳಿಯಲು ವಾಡಾ ಪರೀಕ್ಷೆಯ ಬದಲು ಇದನ್ನು ಬಳಸಬಹುದೆಂದು ಮಾರ್ಗಸೂಚಿ ಕೊಟ್ಟಿತು.

ಯಂತ್ರ ಮಾಡುವುದಿಷ್ಟೆ. ಮೆದುಳಿನ ಯಾವುದೋ ಭಾಗ ದುಡಿದಾಗ ಅಲ್ಲಿಗೆ ತಾಜಾ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ಇಳಿಸಿಬಂದ ಹಿಮೋಗ್ಲೋಬಿನ್ನಿಗೂ ಅಯಸ್ಕಾಂತದ ಗುಣದಲ್ಲಿ ವ್ಯತ್ಯಾಸವಿದೆ. ಯಂತ್ರ ಆ ವ್ಯತ್ಯಾಸವನ್ನು ಓದುತ್ತದೆ. ಮೆದುಳು ದುಡಿದದ್ದು ಈಗ, ರಕ್ತದ ಏರಿಕೆ ಶಿಖರ ಮುಟ್ಟುವುದು ಐದಾರು ಸೆಕೆಂಡುಗಳ ಮೇಲೆ. ನೆರೆ ಇಳಿದ ಮೇಲೆ ಗೋಡೆಯ ಕಲೆ ನೋಡಿ ಮಳೆ ಎಷ್ಟು ಬಿತ್ತು ಎಂದು ಅಳೆದ ಹಾಗೆ. ರೋಗಿಗೆ ಸ್ವಲ್ಪ ಹೊತ್ತು ಪದ ಹುಡುಕಲು ಹೇಳುತ್ತಾರೆ, ಸ್ವಲ್ಪ ಹೊತ್ತು ಸುಮ್ಮನಿರಲು ಹೇಳುತ್ತಾರೆ, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಉಳಿದ ವ್ಯತ್ಯಾಸ ಒಂದು ಮಿತಿ ದಾಟಿದ ಕಡೆ ಕಂಪ್ಯೂಟರ್ ಕೆಂಪು, ಹಳದಿ ಬಣ್ಣ ಬಳಿಯುತ್ತದೆ. ಮೆದುಳಿನೊಳಗೆ ಯಾವ ದೀಪವೂ ಹೊತ್ತಿಕೊಳ್ಳುವುದಿಲ್ಲ. ಆ ಬಣ್ಣ ಒಂದು ಲೆಕ್ಕ. ಮಿತಿಯನ್ನು ಇಳಿಸಿದರೆ ಬಣ್ಣ ಹರಡುತ್ತದೆ, ಏರಿಸಿದರೆ ಕುಗ್ಗುತ್ತದೆ. ಮಿತಿ ಇಡುವವನು ಮನುಷ್ಯ.

ಈ ಲೆಕ್ಕ ಎಷ್ಟು ದಾರಿ ತಪ್ಪಬಹುದೆಂದು ತೋರಿಸಲು ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಗೆಳೆಯರು 2009ರಲ್ಲಿ ಒಂದು ತಮಾಷೆ ಮಾಡಿದರು. ಸತ್ತ ಸಾಲ್ಮನ್ ಮೀನನ್ನು ಯಂತ್ರದಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ಇವರ ಭಾವನೆ ಏನೆಂದು ಕೇಳಿದರು. ಲೆಕ್ಕದ ತಿದ್ದುಪಡಿ ಮಾಡದೆ ಬಿಟ್ಟಾಗ ಆ ಸತ್ತ ಮೀನಿನ ಮೆದುಳಲ್ಲೂ ಕೆಂಪು ಬೊಟ್ಟು ಮೂಡಿತು! 2012ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು. ತಮಾಷೆಯೆಂದು ನಕ್ಕವರ ನಗು 2016ರಲ್ಲಿ ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ಮತ್ತು ಸಂಗಡಿಗರ ಲೇಖನ ಬಂದಾಗ ನಿಂತಿರಬೇಕು. ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಸಾಫ್ಟ್‌ವೇರ್‌ಗಳು ಕೆಲವು ಲೆಕ್ಕಗಳಲ್ಲಿ ಶೇ. 5ರಷ್ಟು ಇರಬೇಕಾದ ಹುಸಿ ಫಲಿತಾಂಶವನ್ನು ಶೇ. 70ರವರೆಗೂ ಕೊಡಬಲ್ಲವೆಂದು ಅವರು ತೋರಿಸಿದರು.

ಆದರೂ ಚಿತ್ರ ಕಂಡರೆ ನಮ್ಮಲ್ಲಿ ಕೈಮುಗಿಯುವ ಅಭ್ಯಾಸ. ತಲೆಗೆ ತಂತಿ ಹಚ್ಚಿ ತೆಗೆದ ವಿದ್ಯುತ್ ಗೆರೆಗಳನ್ನು 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸಿತು. ಅದು ಬೇರೆ ಯಂತ್ರ, ಬೇರೆ ಪರೀಕ್ಷೆ. ಮೋಹ ಮಾತ್ರ ಇದೇ. 2010ರ ಮೇ 5ರಂದು ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಮೆದುಳಿನ ಪರೀಕ್ಷೆ ನಡೆಸುವಂತಿಲ್ಲವೆಂದು ಹೇಳಿದ ಮೇಲೆಯೇ ಸ್ವಲ್ಪ ಉಸಿರಾಡುವಂತಾದದ್ದು. ಆ ಪರೀಕ್ಷೆಗಳ ಕೋಣೆಗೆ ಯಾರ ಮಕ್ಕಳು ಹೋಗಿಬಂದರು ಎಂಬುದನ್ನು ನಾವು ಇಲ್ಲಿ ಬಿಡಿಸಿ ಬರೆಯಬೇಕಾಗಿಲ್ಲ.

ಈಗ ಎರಡು ಭಾಷೆಯವರ ವಿಷಯಕ್ಕೆ ಬರೋಣ. 1997ರಲ್ಲಿ ನ್ಯೂಯಾರ್ಕಿನ ಜಾಯ್ ಹಿರ್ಷ್ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ತುಂಬ ಹೆಸರು ಮಾಡಿತು. ಚಿಕ್ಕಂದಿನಲ್ಲೇ ಎರಡು ಭಾಷೆ ಕಲಿತವರಲ್ಲಿ ಬ್ರೋಕಾ ಪ್ರದೇಶದಲ್ಲಿ ಎರಡೂ ಒಂದೇ ಜಾಗದಲ್ಲಿ ಕೂತಿದ್ದವು. ದೊಡ್ಡವರಾದ ಮೇಲೆ ಎರಡನೆಯದನ್ನು ಕಲಿತವರಲ್ಲಿ ಅವು ಅಕ್ಕಪಕ್ಕದಲ್ಲಿ ಬೇರೆಯಾಗಿ ಕಂಡವು. ವೆರ್ನಿಕೆ ಪ್ರದೇಶದಲ್ಲಿ ಇಂಥ ಭೇದ ಹೆಚ್ಚು ಕಾಣಲಿಲ್ಲ. ಪರೀಕ್ಷೆಗೆ ಒಳಗಾದವರು ಒಟ್ಟು 12 ಮಂದಿ. ಹನ್ನೆರಡು ಜನರ ಮೇಲೆ ಕಟ್ಟಿದ ಮಾತನ್ನು ಎಷ್ಟು ಮಂದಿ ಉಪನ್ಯಾಸಕರು ಎಷ್ಟು ಕಾಲ ವೇದವಾಕ್ಯದಂತೆ ಹೇಳಿದರೋ ಲೆಕ್ಕವಿಲ್ಲ. ಆಮೇಲಿನ ಅಧ್ಯಯನಗಳು ಇದಕ್ಕೆ ಎಷ್ಟೋ ಒಕ್ಕಣೆ ಸೇರಿಸಿದವು. ಕಲಿತ ವಯಸ್ಸಿನಷ್ಟೇ ಭಾಷೆಯ ಮೇಲಿನ ಹಿಡಿತ, ದಿನನಿತ್ಯದ ಬಳಕೆ ಕೂಡ ಮುಖ್ಯವೆಂದು ಕಂಡಿತು.

ಇಂಥ ಪ್ರತಿ ಅಧ್ಯಯನದಲ್ಲೂ ಒಂದು ಫಾರಂ ಇರುತ್ತದೆ. ಮೊದಲ ಭಾಷೆ ಯಾವುದು, ಎರಡನೆಯದು ಯಾವುದು ಎಂದು ಅದು ಕೇಳುತ್ತದೆ. ನಮ್ಮಂಥವರು ಆ ಅಂಕಣದಲ್ಲಿ ಏನು ಬರೆಯಬೇಕು? ಅಮ್ಮಿಯ ಬಾಯಲ್ಲಿ ಕೇಳಿದ್ದು ದಖನಿ. ಮದ್ರಸಾದಲ್ಲಿ ಮೊದಲು ಓದಿದ್ದು ಅರಬಿ ಅಕ್ಷರ, ಅರ್ಥ ಗೊತ್ತಿಲ್ಲದೆ. ಶಾಲೆಯ ಪುಸ್ತಕದ್ದು ಲಕ್ನೋದ ಉರ್ದು. ಬೀದಿಯಲ್ಲಿ, ಅಂಗಡಿಯಲ್ಲಿ, ಆಮೇಲೆ ಹೈಸ್ಕೂಲಿನಲ್ಲಿ ಕನ್ನಡ. ನಾವು ಕತೆ ಬರೆಯುವುದು ಕನ್ನಡದಲ್ಲಿ, ಲೆಕ್ಕ ಎಣಿಸುವುದು ಉರ್ದುವಿನಲ್ಲಿ, ಜಗಳಕ್ಕೆ ಯಾವುದು ಬರುತ್ತದೋ ಆ ಕ್ಷಣದ ಮೇಲೆ. ಇದರಲ್ಲಿ ಒಂದು, ಎರಡು ಎಂಬ ಅನುಕ್ರಮ ಹೇಗೆ ಹಾಕುವುದು? ಈ ತೊಡಕು ನಮ್ಮದು ಮಾತ್ರವಲ್ಲ. ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡುವ ಹುಡುಗನದೂ ಇದೇ, ಕೊಡಗಿನ ಹುಡುಗಿಯದೂ ಇದೇ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯೆಂದವರು ಶೇ. 66ರಷ್ಟು, ಉರ್ದು ಎಂದವರು ಸುಮಾರು ಶೇ. 11. ಉಳಿದದ್ದು ಎಷ್ಟೋ ಮಾತುಗಳು. ಕುರ್‌ಆನಿನ ಅರ್‌ರೂಮ್ ಅಧ್ಯಾಯ ಭಾಷೆ ಮತ್ತು ಬಣ್ಣಗಳ ವೈವಿಧ್ಯವನ್ನು ಸೃಷ್ಟಿಕರ್ತನ ದೃಷ್ಟಾಂತಗಳಲ್ಲಿ ಎಣಿಸುತ್ತದೆ. ಫಾರಂ ತಯಾರಿಸಿದವರು ಅದನ್ನು ಎರಡು ಅಂಕಣದಲ್ಲಿ ತುಂಬಿಸಲು ಹೊರಟಿದ್ದಾರೆ.

ಅದೇ ಅಂಕಣ ಪ್ರಯೋಗಾಲಯದ ಹೊರಗೂ ಉಂಟು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದ ಹತ್ತು ನಿಮಿಷದ ಉರ್ದು ವಾರ್ತೆಯ ನೆಪದಲ್ಲಿ ಈ ನಗರದ ಬೀದಿಗಳಲ್ಲಿ ಹೆಣಗಳು ಬಿದ್ದವು. ಆ ಸಂಜೆ ವಾರ್ತೆ ಕೇಳಿದ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಓದುತ್ತಿದ್ದದ್ದು ಕನ್ನಡ ಪತ್ರಿಕೆ. 2025ರಲ್ಲಿ ಬಾನು ಮುಷ್ತಾಕ್ ಕನ್ನಡದ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ತಂದರು. ಅದೇ ವರ್ಷ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ, ಇವರಿಗೂ ಕನ್ನಡಕ್ಕೂ ಏನು ಸಂಬಂಧ ಎಂಬ ರಾಗ ಎದ್ದಿತು. ಅರ್ಜಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ವಜಾ ಆಯಿತು. 2017ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅದೇ ದಸರಾ ಉದ್ಘಾಟಿಸಿದ್ದರೆಂಬುದು ರಾಗ ತೆಗೆದವರಿಗೆ ನೆನಪಿರಲಿಲ್ಲ. ನಾಳೆ ಯಾರಾದರೂ, ಇವರ ಕನ್ನಡ ಮೆದುಳಿನಲ್ಲಿ ಎಲ್ಲಿದೆ, ಸ್ಕ್ಯಾನಿಂಗ್ ಮಾಡಿಸಿ ತೋರಿಸಲಿ ಎಂದರೆ ನಮಗೆ ಆಶ್ಚರ್ಯವಾಗದು. ನಮ್ಮ ಕೆಲವು ಮಿತ್ರರು ಇದಕ್ಕೆ ಪ್ರತಿಯಾಗಿ, ಎರಡೂ ಭಾಷೆ ಒಂದೇ ಜಾಗದಲ್ಲಿವೆ ನೋಡಿ, ವಿಜ್ಞಾನವೇ ನಮ್ಮ ಪರ ಎಂದು ವಾದಿಸುತ್ತಾರೆ. ಆ ವಾದವೂ ನಮಗೆ ಬೇಡ. ಒಬ್ಬನಲ್ಲಿ ಕನ್ನಡವೂ ಉರ್ದುವೂ ಮೂರು ಮಿಲಿಮೀಟರ್ ದೂರದಲ್ಲಿ ಕೂತಿದ್ದರೆ ಅವನ ಪ್ರೀತಿ ಮೂರು ಮಿಲಿಮೀಟರ್ ಕಡಿಮೆಯೇ?

ಈ ಚರ್ಚೆಯಲ್ಲಿ ಕಾಲ ಕಳೆಯುವಾಗ ನಾವು ಮರೆಯುವುದು ಯಂತ್ರದೊಳಗೆ ಮಲಗಿರುವವರನ್ನು. ಮಿಲಿಮೀಟರಿನ ಲೆಕ್ಕ ನಿಜವಾಗಿ ಬೇಕಾಗಿರುವುದು ಅವರಿಗೆ.

ನಮ್ಮ ಸಂಬಂಧಿಕರಲ್ಲಿ ಒಬ್ಬರು, ನಾವು ಖಾಲಾ ಎಂದು ಕರೆಯುವವರು, ಸಣ್ಣ ಊರಿನ ಗೃಹಿಣಿ. ಫಿಟ್ಸ್ ಬಂತೆಂದು ತೋರಿಸಿದಾಗ ಎಡ ಮುಂಭಾಗದಲ್ಲಿ ಗಡ್ಡೆ ಕಂಡಿತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಮಾತಿನ ನಕ್ಷೆ ತೆಗೆಯಬೇಕೆಂದರು. ಒಳ್ಳೆಯ ನಿರ್ಧಾರವೇ. ಬಳೆ, ಓಲೆ ಬಿಚ್ಚಿಸಿ, ತಲೆಯನ್ನು ಪಂಜರದಂಥದ್ದರಲ್ಲಿ ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಒಳಗೆ ತಳ್ಳಿದರು. ಆ ಯಂತ್ರದ ಸದ್ದು ಕೇಳಿದವರಿಗೆ ಗೊತ್ತು, ತಗಡಿನ ಡಬ್ಬಿಯೊಳಗೆ ಕೂತು ಹೊರಗಿನಿಂದ ಬಡಿಸಿಕೊಂಡ ಹಾಗೆ. ಆ ಸದ್ದಿನ ನಡುವೆ ಹೆಡ್‌ಫೋನಿನಲ್ಲಿ ಶುದ್ಧ ಹಿಂದಿಯಲ್ಲಿ ನಾಮಪದಗಳು ಬಂದವು. ಪ್ರತಿ ಪದಕ್ಕೂ ಹೊಂದುವ ಕ್ರಿಯಾಪದವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಮುಸ್ಲಿಂ ಹೆಂಗಸು ಎಂದ ಮೇಲೆ ಹಿಂದಿ ಬಂದೇ ಬರುತ್ತದೆ ಎಂದು ಯಾರೋ ತೀರ್ಮಾನಿಸಿದ್ದರು. ಅರ್ಧ ಗಂಟೆಯ ಮೇಲೆ ಹೊರಗೆ ತೆಗೆದರು. ವರದಿಯಲ್ಲಿ ಬರೆದದ್ದು: ಚಟುವಟಿಕೆ ಸ್ಪಷ್ಟವಿಲ್ಲ, ರೋಗಿ ಸಹಕರಿಸಲಿಲ್ಲ.

ಸಹಕರಿಸಲಿಲ್ಲವಂತೆ! ಬದುಕಿಡೀ ಅತ್ತೆ, ಗಂಡ, ಮಕ್ಕಳು, ಪಡಿತರ ಅಂಗಡಿಯವನು, ಎಲ್ಲರೊಡನೆ ಸಹಕರಿಸಿಯೇ ಸವೆದ ಹೆಂಗಸು. ಅವರ ಮಗಳು ಹಟ ಹಿಡಿದು ಇನ್ನೊಮ್ಮೆ ಪರೀಕ್ಷೆ ಮಾಡಿಸಿದಳು. ಎರಡನೆಯ ಸಲ ಒಬ್ಬಳು ಎಳೆಯ ಸ್ಪೀಚ್ ಥೆರಪಿಸ್ಟ್ ಇದ್ದಳು, ಮನೆಯಲ್ಲಿ ದಖನಿ ಆಡುವ ಹುಡುಗಿ. ಮೊದಲು ಹೊರಗೆ ಕೂರಿಸಿ ಅಭ್ಯಾಸ ಮಾಡಿಸಿದಳು. ಪದಗಳನ್ನು ದಖನಿಯಲ್ಲಿ ತಾನೇ ಓದಿ ರೆಕಾರ್ಡ್ ಮಾಡಿದಳು. ಚಿತ್ರ ಮೂಡಿತು. ಎರಡನೆಯ ಸಲ ಭಯ ಕಡಿಮೆಯಾಗಿತ್ತು, ಅದಕ್ಕೇ ಚಿತ್ರ ಬಂತು, ಭಾಷೆಯಿಂದಲ್ಲ ಎಂದು ವೈದ್ಯ ಮಿತ್ರರೊಬ್ಬರು ನಮ್ಮೊಡನೆ ವಾದ ಮಾಡಿದರು. ಇರಬಹುದು. ಭಯ ಕಡಿಮೆಯಾದದ್ದು ಯಾರ ಮಾತಿನಿಂದ?

ದಖನಿ ಎಂದರೆ ಹಿಂದಿಯ ಅಥವಾ ಉರ್ದುವಿನ ಒರಟು ರೂಪ ಎಂದು ತಿಳಿದವರಿಗೆ ಎರಡು ಮಾತು. ‘ನಹೀಂ ಚಾಹಿಯೇ’ ಎನ್ನುವ ಕಡೆ ನಮ್ಮಲ್ಲಿ ‘ನಕ್ಕೋ’. ‘ಹಾಂ’ ಅಲ್ಲ, ‘ಹೌ’. ಬಹುವಚನಕ್ಕೆ ‘ಲೋಗಾಂ’, ‘ಬಾತಾಂ’. ಪುಸ್ತಕದ ಉರ್ದುವಿನಲ್ಲಿ ‘ಮೈನೇ ಖಾಯಾ’ ಎಂಬಲ್ಲಿ ನಮ್ಮ ಮನೆಗಳಲ್ಲಿ ಆ ‘ನೇ’ ಇಲ್ಲ. ಇದೆಲ್ಲಕ್ಕಿಂತ ಮುಖ್ಯ, ‘ಬರ್ತೀನಿ ಅಂತ ಹೇಳಿದ’ ಎಂಬ ಕನ್ನಡ ವಾಕ್ಯದ ಎಲುಬು ಹಾಗೇ ದಖನಿಗೆ ಬಂದಿದೆ: ‘ಆತೂಂ ಬೋಲ್ಕೆ ಬೋಲ್ಯಾ’. ನಮ್ಮ ‘ಅಂತ’ವೇ ಅಲ್ಲಿ ‘ಬೋಲ್ಕೆ’ ಆಗಿ ಕೂತಿದೆ. ದೆಹಲಿಯವನು ‘ಉಸನೇ ಕಹಾ ಕಿ’ ಎಂದು ವಾಕ್ಯವನ್ನು ತಿರುಗಿಸಿ ಹೇಳುತ್ತಾನೆ. ಹೀಗಿರುವಾಗ ದೆಹಲಿಯ ಹಿಂದಿಯ ವಾಕ್ಯಗಳನ್ನು ಕೇಳಿಸಿ ತುಮಕೂರಿನ, ಕೋಲಾರದ ಹೆಂಗಸಿನ ಮೆದುಳನ್ನು ಅಳೆಯುವುದೆಂದರೆ ಅಳೆಯುತ್ತಿರುವುದು ಏನನ್ನು? ಅವರ ಮಾತನ್ನೋ, ಅರ್ಥವಾಗದ ಮಾತಿನ ಎದುರು ಅವರು ಪಡುವ ಪಾಡನ್ನೋ?

ಪದಗಳ ಮಾತು ಹೀಗಾದರೆ ಚಿತ್ರಗಳ ಮಾತು ಬೇರೆ. ಹೆಸರು ಹೇಳಿಸಲು ಜಗತ್ತಿನ ಬಹಳ ಕಡೆ ಬಳಸುವ ಬಾಸ್ಟನ್ ಪರೀಕ್ಷೆಯಲ್ಲಿ 60 ಚಿತ್ರಗಳಿವೆ. ಅವುಗಳಲ್ಲಿ ಬೀವರ್ ಎಂಬ ಪ್ರಾಣಿ ಇದೆ, ಹಿಮದ ಮನೆ ಇಗ್ಲೂ ಇದೆ, ಪ್ರೆಟ್ಜೆಲ್ ಎಂಬ ತಿಂಡಿ ಇದೆ. ನಮ್ಮ ಅಡುಗೆಮನೆಯ ಈಳಿಗೆಮಣೆ ಇಲ್ಲ. ಚಿತ್ರ ನೋಡಿ ಸುಮ್ಮನಾದ ಅಜ್ಜಿಗೆ ಮಾತು ಹೋಗಿದೆಯೋ, ಆ ಪ್ರಾಣಿಯನ್ನೇ ಆಕೆ ಕಂಡಿಲ್ಲವೋ? ಓದು ಬಾರದವರಿಗೆ ಪರದೆಯ ಮೇಲೆ ಅಕ್ಷರ ತೋರಿಸುವ ಪರೀಕ್ಷೆಯಂತೂ ಪರೀಕ್ಷೆಯೇ ಅಲ್ಲ. ಉತ್ತರಪ್ರದೇಶದ ಹಳ್ಳಿಯಲ್ಲಿ ಅನಕ್ಷರಸ್ಥರಿಗೆ ಆರು ತಿಂಗಳು ದೇವನಾಗರಿ ಓದಲು ಕಲಿಸಿ, ಮೊದಲೂ ಆಮೇಲೂ ಮೆದುಳಿನ ಚಿತ್ರ ತೆಗೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ದೊಡ್ಡವರಾದ ಮೇಲೆ ಅಕ್ಷರ ಕಲಿತರೂ ಮೆದುಳಿನ ಆಳದ ಭಾಗಗಳ ನಡುವಣ ಸಂಪರ್ಕ ಬದಲಾಗುತ್ತದೆಂದು ಅದು ಹೇಳಿತು. ಅಂದರೆ ಓದಿದವರ ಮೆದುಳಿನ ನಕ್ಷೆಯನ್ನು ಓದದವರಿಗೆ ಹಾಗೇ ಹೊಂದಿಸಲಾಗದು.

ಇದಕ್ಕೆ ಬರುವ ವಿರೋಧ ಹಗುರವಾದದ್ದಲ್ಲ. 2022ರಲ್ಲಿ ಅಮೆರಿಕದ ಎಂಐಟಿಯ ಎವೆಲಿನಾ ಫೆಡೊರೆಂಕೊ ಅವರ ತಂಡ 12 ಭಾಷಾ ಕುಟುಂಬಗಳ 45 ಭಾಷೆಗಳನ್ನಾಡುವವರಿಗೆ ಆಲಿಸ್ ಕತೆಯ ಭಾಗಗಳನ್ನು ಅವರವರ ಭಾಷೆಯಲ್ಲೇ ಕೇಳಿಸಿ ನೋಡಿತು. ತಮಿಳಿನಂಥ ದ್ರಾವಿಡ ಭಾಷೆಯೂ ಅದರಲ್ಲಿತ್ತು. ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಜಾಲ, ಎಡಕ್ಕೆ ವಾಲಿದ್ದು. ಹಾಗಾದರೆ ಯಾವ ಭಾಷೆಯಲ್ಲಿ ಕೇಳಿದರೇನು ಎಂದು ಕೇಳಬಹುದು. ಗಮನಿಸಿ, ಅವರವರ ಭಾಷೆಯಲ್ಲಿ ಕೇಳಿಸಿದ್ದಕ್ಕೇ ಆ ಸಾಮ್ಯ ಕಂಡದ್ದು. ಹೆಚ್ಚಿನ ಭಾಷೆಗಳಿಗೆ ಇಬ್ಬಿಬ್ಬರೇ ಇದ್ದರು ಎಂಬುದೂ ನೆನಪಿರಲಿ. ಜೊತೆಗೆ, ಮನುಷ್ಯಕುಲದ ಮಾತಿನ ಜಿಲ್ಲೆ ಯಾವುದು ಎಂಬುದು ಒಂದು ಪ್ರಶ್ನೆ. ಈ ರೋಗಿಯ ಗಡ್ಡೆಯ ಪಕ್ಕದಲ್ಲಿ ಚಾಕು ಎಲ್ಲಿಯವರೆಗೆ ಹೋಗಬಹುದು ಎಂಬುದು ಇನ್ನೊಂದು. ಜಿಲ್ಲೆಯ ನಕ್ಷೆ ಹಿಡಿದು ಬಾವಿ ತೋಡಲು ಹೋಗುವವರಿಲ್ಲ. 1978ರಷ್ಟು ಹಿಂದೆಯೇ ಜಾರ್ಜ್ ಒಜೆಮನ್ ಮತ್ತು ಹ್ಯಾರಿ ವಿಟೇಕರ್, ಎರಡು ಭಾಷೆ ಬಲ್ಲ ಇಬ್ಬರು ರೋಗಿಗಳ ತೆರೆದ ಮೆದುಳಿನ ಮೇಲೆ ವಿದ್ಯುತ್ ಸೋಕಿಸಿ ನೋಡಿದ್ದರು. ಕೆಲವು ಬಿಂದುಗಳಲ್ಲಿ ಎರಡೂ ಭಾಷೆ ತಡವರಿಸಿದವು. ಕೆಲವು ಕಡೆ ಒಂದು ಮಾತ್ರ ತಡವರಿಸಿ ಇನ್ನೊಂದು ಸರಾಗವಾಗಿ ಹರಿಯಿತು. ಒಂದೇ ಭಾಷೆಯಲ್ಲಿ ಪರೀಕ್ಷಿಸಿದರೆ ಇನ್ನೊಂದರ ಬಿಂದು ಖಾಲಿ ನಿವೇಶನವೆಂದು ಕಾಣುತ್ತದೆ. ಚಾಕು ಅಲ್ಲಿಗೂ ಹೋಗಬಹುದು.

ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋದವರನ್ನು ನೋಡಿದರೆ ಇದು ಇನ್ನೂ ನಿಚ್ಚಳ. ಮೊದಲು ಕಲಿತ ಭಾಷೆ ಉಳಿಯುತ್ತದೆ ಎಂದು ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ರಿಬೋ ಹೇಳಿದ. ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಮರಳುತ್ತದೆ ಎಂದು 1895ರಲ್ಲಿ ಪೀತ್ರ್ ಹೇಳಿದ. ಎರಡೂ ನಿಯಮಗಳನ್ನು ಮುರಿದ ರೋಗಿಗಳು ಆಮೇಲೆ ಎಷ್ಟೋ ಮಂದಿ ಬಂದರು. ಕಛೇರಿಯ ಭಾಷೆ ಮರಳಿ ಮನೆಯ ಭಾಷೆ ಬಾರದ ತಂದೆಯನ್ನು ಕಂಡು ಮಕ್ಕಳು, ಅಬ್ಬಾ ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ ಎಂದು ಅಳುವುದುಂಟು. ಅದಕ್ಕೇ ಮಿಶೆಲ್ ಪಾರಾಡಿ 1987ರಲ್ಲಿ ದ್ವಿಭಾಷಿಕರ ಅಫೇಸಿಯಾ ಪರೀಕ್ಷೆಯನ್ನು ರೂಪಿಸಿದ್ದು. ರೋಗಿಯ ಪ್ರತಿ ಭಾಷೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು ಎಂಬುದು ಅದರ ತಳಹದಿ. ಕನ್ನಡವೂ ಅದರಲ್ಲಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಕನ್ನಡದ ಪರೀಕ್ಷೆಗಳಿಗಾಗಿ ದುಡಿದಿದ್ದಾರೆ, ಅವರಿಗೆ ನಾವು ಋಣಿ.

ನಮ್ಮ ಆಸ್ಪತ್ರೆಗಳಲ್ಲಿ ಕಾಲಿಡಲು ಜಾಗವಿಲ್ಲ, ಒಬ್ಬೊಬ್ಬರನ್ನು ಎರಡು ಮೂರು ಭಾಷೆಯಲ್ಲಿ ಕೇಳುತ್ತ ಕೂರಲು ಯಾರಿಗೆ ಪುರಸೊತ್ತು ಎಂಬ ಮಾತೂ ಬರುತ್ತದೆ. ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿಯೂ ಪುರಸೊತ್ತು ಇರಲಿಲ್ಲ. ಆದರೂ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳು ಯಾವ ಯಾವ ಭಾಷೆ ಆಡುತ್ತಾರೆಂದು ಒಬ್ಬೊಬ್ಬರದೂ ಬರೆದುಕೊಂಡರು. ತೆಲುಗು, ದಖನಿ, ಹಿಂದಿ ಬೆರೆತ ಊರು ಅದು. ಎರಡು ಭಾಷೆಯವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತೆಂದು, ಶಾಲೆಯ ಮುಖ ಕಾಣದವರಲ್ಲೂ ಹಾಗೇ ಇತ್ತೆಂದು 2013ರಲ್ಲಿ ಅವರು ಪ್ರಕಟಿಸಿದರು. ಬೇರೆ ದೇಶಗಳ ಕೆಲವು ಅಧ್ಯಯನಗಳಲ್ಲಿ ಇಷ್ಟು ಲಾಭ ಕಂಡಿಲ್ಲ, ಆ ಚರ್ಚೆ ನಡೆದೇ ಇದೆ. ನಾವು ಇಲ್ಲಿ ಹೇಳುವುದು ಇಷ್ಟೇ, ಕೇಳುವ ಮನಸ್ಸಿದ್ದರೆ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲೂ ಕೇಳಬಹುದು.

ಹಾಗಾಗಿ ಮೊದಲ ಬೇಡಿಕೆಗೆ ಒಂದು ಪೈಸೆಯ ಖರ್ಚಿಲ್ಲ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು, ಆ ಭಾಷೆ ರೋಗಿಯ ಮನೆಮಾತೇ ಎಂಬುದನ್ನು ಪ್ರತಿ ವರದಿಯಲ್ಲೂ ಒಂದು ಸಾಲಿನಲ್ಲಿ ಬರೆಯಲಿ. ‘ಸಹಕರಿಸಲಿಲ್ಲ’ ಎಂಬ ಪದವನ್ನು ಅದಾದ ಮೇಲೆ ಬೇಕಾದರೆ ಬರೆಯಲಿ. ಎರಡನೆಯದಾಗಿ, ಯಂತ್ರದೊಳಗೆ ತಳ್ಳುವ ಮುನ್ನ ಮನೆಯವರನ್ನು ಕೂರಿಸಿ ಕೇಳಲಿ: ಇವರು ಯಾವುದರಲ್ಲಿ ಎಣಿಸುತ್ತಾರೆ, ಯಾವುದರಲ್ಲಿ ಬೈಯುತ್ತಾರೆ, ದುವಾ ಯಾವುದರಲ್ಲಿ ಮಾಡುತ್ತಾರೆ? ಎರಡು ಭಾಷೆ ಬಲ್ಲವರಿಗೆ ಎರಡರಲ್ಲೂ ಪರೀಕ್ಷೆ ಆಗಲಿ. ಯಂತ್ರದಲ್ಲಿ ಇನ್ನೊಂದು ಹತ್ತು ನಿಮಿಷ ಹೆಚ್ಚಾದೀತು.

ಇದರಲ್ಲಿ ನಮ್ಮವರ ಪಾಲೂ ಇದೆ. ಜನಗಣತಿಯವರು ಬಂದಾಗ ಉರ್ದು ಎಂದು ಬರೆಸಿ, ಮನೆಯೊಳಗೆ ದಖನಿ ಆಡಿ, ವೇದಿಕೆಯ ಮೇಲೆ ಆ ದಖನಿಯನ್ನೇ ಗೇಲಿ ಮಾಡುವ ನಮ್ಮ ಉರ್ದು ಅಭಿಮಾನಿಗಳು ಈ ವಿಷಯದಲ್ಲಿ ಏನು ಮಾಡಿದ್ದಾರೆ? ಹಾಸ್ಯ ಮುಶಾಯಿರಾಕ್ಕೆ ದಖನಿ ಬೇಕು, ಆಸ್ಪತ್ರೆಗೆ ಬೇಡ. ಉರ್ದು ಅಕಾಡೆಮಿಯಿದೆ, ಬ್ಯಾರಿ ಸಾಹಿತ್ಯ ಅಕಾಡೆಮಿಯಿದೆ. ಸನ್ಮಾನ, ಶಾಲು, ಹಾರಗಳ ನಡುವೆ ಒಂದು ವರ್ಷದ ಅನುದಾನದ ಸಣ್ಣ ತುಂಡನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರ ಜೊತೆ ಕೂತು ಖರ್ಚು ಮಾಡಲಿ. ಪಟ್ಟಿಗೆ ನೂರು ಚಿತ್ರ ಸಾಕು: ಈಳಿಗೆಮಣೆ, ಲೋಟ, ಚಾಪೆ, ಕೊಡೆ, ಬಾವಿಯ ರಾಟೆ, ಹಲಸಿನ ಹಣ್ಣು, ಹೊಲಿಗೆ ಯಂತ್ರ, ಆಟೋ. ಪ್ರತಿಯೊಂದಕ್ಕೂ ಕೋಲಾರದ ದಖನಿಯಲ್ಲಿ ಏನನ್ನುತ್ತಾರೆ, ಕಲಬುರಗಿಯ ದಖನಿಯಲ್ಲಿ ಏನು, ಮಂಗಳೂರಿನ ಬ್ಯಾರಿಯಲ್ಲಿ, ಭಟ್ಕಳದ ನವಾಯತಿಯಲ್ಲಿ ಏನು ಎಂದು ಬರೆದುಕೊಳ್ಳಬೇಕು. ಓದು ಬಾರದ ಹೆಂಗಸರ ಬಾಯಿಂದಲೇ ಹೇಳಿಸಿ ರೆಕಾರ್ಡ್ ಮಾಡಬೇಕು. ನಮ್ಮ ಕಾಲೇಜುಗಳಲ್ಲಿ ಉರ್ದು, ಕನ್ನಡ ಎಂಎ ಓದುವ ಹುಡುಗಿಯರು ಇದ್ದಾರೆ, ಅವರ ಕೈಯಲ್ಲಿ ಮೊಬೈಲ್ ಇದೆ. ಒಂದು ಬೇಸಿಗೆ ರಜೆಯ ಕೆಲಸ.